ಗೆರೆ ಇರ್ಲಿ, ಆದ್ರೆ ಎಳೆಯೋರು ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಎರಡು ಪುಟ ಬರೆದಿದ್ದೆ. ಯಾವ ಪಕ್ಷ ಅಧಿಕಾರದಲ್ಲಿದ್ರೂ ಸುದ್ದಿ ಬರೋ ಮೊದ್ಲೇ ಅದನ್ನ ತಡೆಯೋ ಚಾಳಿ ಜಾಸ್ತಿ ಆಗ್ತಿದೆ ಅನ್ನೋದು ಅದರ ಸಾರ. ಅದಕ್ಕೆ ಬಂದ ಪತ್ರ, ಮೇಲು, ವಾಟ್ಸಾಪ್ ಮೆಸೇಜು ಓದಿ ಖುಷಿನೂ ಆಯ್ತು, ಕೆಲವು ಓದಿ ಸಂಕಟನೂ ಆಯ್ತು. ಅರ್ಧಕ್ಕರ್ಧ ಜನ ಮಾಧ್ಯಮದವ್ರ ಮೇಲೇ ಸಿಟ್ಟಲ್ಲಿ ಬರ್ದಿದಾರೆ, ಆ ಸಿಟ್ಟಿಗೆ ಕಾರಣ ಇದೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿರೋದ್ರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೀನಿ.

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರು: ನಮ್ಮ ಸಂವಿಧಾನದಲ್ಲಿ "ಪತ್ರಿಕಾ ಸ್ವಾತಂತ್ರ್ಯ" ಅನ್ನೋ ಮಾತೇ ಇಲ್ಲ ಅಂತ ಮೊನ್ನೆ ಒಬ್ಬರು ವಾದ ಮಾಡಿದ್ರು. ನಿಜಾನಾ? ಹಾಗಾದ್ರೆ ಪತ್ರಕರ್ತರು ಯಾವ ಹಕ್ಕಿನ ಮೇಲೆ ಅಷ್ಟು ಜೋರಾಗಿ ಮಾತಾಡ್ತಾರೆ?

ನಿಜ ಮೇಷ್ಟ್ರೇ, ಆ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ಲ. 19(1)(ಎ) ವಿಧಿಯಲ್ಲಿ ಇರೋದು ಎಲ್ಲಾ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ ಅಂತ, ಅಷ್ಟೇ. ಸಂವಿಧಾನ ಸಭೆಯಲ್ಲಿ ಪತ್ರಿಕೆಗೆ ಅಂತ ಬೇರೆ ಸಾಲು ಹಾಕ್ಬೇಕು ಅಂತ ಕೆಲವರು ಕೇಳಿದ್ರು, ಅಂಬೇಡ್ಕರ್ ಬೇಡ ಅಂದ್ರು. ಸಂಪಾದಕ ಆಗ್ಲಿ ಮ್ಯಾನೇಜರ್ ಆಗ್ಲಿ ಅವನೂ ಒಬ್ಬ ನಾಗರಿಕ, ಬರೆಯೋವಾಗ ನಾಗರಿಕನ ಹಕ್ಕನ್ನೇ ಬಳಸ್ತಾನೆ, ಅದಕ್ಕಿಂತ ಹೆಚ್ಚಿನ ಹಕ್ಕು ಅವನಿಗೆ ಇಲ್ಲ ಅನ್ನೋದು ಅವರ ನಿಲುವು. ನನಗೆ ಇದು ಬಹಳ ಸರಿಯಾದ ನಿಲುವು ಅನ್ಸುತ್ತೆ, ಯಾಕಂದ್ರೆ ಇದರ ಅರ್ಥ ಪತ್ರಿಕಾ ಸ್ವಾತಂತ್ರ್ಯ ಅನ್ನೋದು ಪ್ರೆಸ್ ಕಾರ್ಡ್ ಇಟ್ಕೊಂಡಿರೋರ ಆಸ್ತಿ ಅಲ್ಲ, ನಿಮ್ಮದು, ಪತ್ರಿಕೆ ಮುಚ್ಚಿದ್ರೆ ಕಿತ್ಕೊಂಡಿದ್ದು ನಿಮ್ಮ ಹಕ್ಕನ್ನ.

ಪತ್ರಿಕೆಗಳಿಗೆ ಅದು ಹೆಂಗೆ ಅನ್ವಯ ಆಗುತ್ತೆ ಅಂತ ಹೇಳಿದ್ದು ಸುಪ್ರೀಂ ಕೋರ್ಟು. 1950ರ ಮೇ ತಿಂಗಳಲ್ಲಿ ಒಂದೇ ದಿನ ಎರಡು ತೀರ್ಪು ಬಂತು. ಒಂದು ಬಾಂಬೆಯಿಂದ ಬರ್ತಿದ್ದ ಎಡಪಂಥೀಯ ವಾರಪತ್ರಿಕೆ ಕ್ರಾಸ್ ರೋಡ್ಸ್‌ದು, ಅದನ್ನ ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಗೆ ಬರ್ಬಾರ್ದು ಅಂತ ತಡೆದಿತ್ತು. ಇನ್ನೊಂದು ದೆಹಲಿಯ ಆರ್ಗನೈಸರ್‌ದು, ಅದು ಆರೆಸ್ಸೆಸ್ ಕಡೆಯದ್ದು, ಅದಕ್ಕೆ ಪ್ರಿಂಟ್ ಮಾಡೋ ಮುಂಚೆ ಅಧಿಕಾರಿಗಳಿಗೆ ತೋರಿಸ್ಬೇಕು ಅಂತ ಆರ್ಡರ್ ಆಗಿತ್ತು. ಎರಡೂ ಪತ್ರಿಕೆಗಳು ಒಂದನ್ನೊಂದು ಕಂಡ್ರೆ ಆಗದಂಥವು, ಆದ್ರೂ ಇಬ್ಬರೂ ಒಂದೇ ದಿನ ಗೆದ್ರು. ಗೆದ್ದಿದ್ದೇ ತಡ, ಮುಂದಿನ ವರ್ಷವೇ, ಅಂದ್ರೆ 1951ರಲ್ಲಿ, ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ತಂದು ಆ ಹಕ್ಕಿಗಿರೋ ಮಿತಿಗಳ ಪಟ್ಟಿಗೆ ಸಾರ್ವಜನಿಕ ಸುವ್ಯವಸ್ಥೆ ಅಂತೆಲ್ಲ ಸೇರಿಸ್ತು. ಆದ್ರೆ ಅದೇ ತಿದ್ದುಪಡಿಯಲ್ಲಿ "ಸಮಂಜಸವಾದ" ನಿರ್ಬಂಧ ಅಂತ ಒಂದು ಪದನೂ ಸೇರ್ತು, ಇವತ್ತಿಗೂ ಸರ್ಕಾರ ತಂದ ನಿರ್ಬಂಧನ ಕೋರ್ಟು ತೂಗಿ ನೋಡ್ತಿರೋದು ಆ ಪದ ಹಿಡ್ಕೊಂಡೇ.

ಇನ್ನೊಂದು ಕೇಸ್ ನಿಮ್ಗೆ ಇಷ್ಟ ಆಗ್ಬಹುದು, ಪುಣೆಯ ಸಕಾಳ್ ಪತ್ರಿಕೆದು. ಸರ್ಕಾರ ಅಲ್ಲಿ ಯಾವ ಸುದ್ದಿನೂ ತಡೆದಿರ್ಲಿಲ್ಲ, ಯಾರನ್ನೂ ಅರೆಸ್ಟ್ ಮಾಡಿರ್ಲಿಲ್ಲ. ಇಷ್ಟು ಪುಟ ಕೊಟ್ರೆ ಇಷ್ಟು ಬೆಲೆ ಇಡ್ಬೇಕು ಅಂತ ಒಂದು ಲೆಕ್ಕ ಮಾಡಿತ್ತು, ದೊಡ್ಡ ಪತ್ರಿಕೆಗಳು ಸಣ್ಣ ಪತ್ರಿಕೆಗಳನ್ನ ನುಂಗ್ಬಾರ್ದು ಅನ್ನೋ ಒಳ್ಳೆ ಕಾರಣನೂ ಕೊಟ್ಟಿತ್ತು. ಆದ್ರೆ ಬೆಲೆ ಏರಿಸಿದ್ರೆ ಓದುಗರು ಕಮ್ಮಿ ಆಗ್ತಾರೆ, ಬೆಲೆ ಹಂಗೇ ಇಡ್ಬೇಕು ಅಂದ್ರೆ ಪುಟ ಕಮ್ಮಿ ಮಾಡ್ಬೇಕು, ಎರಡರಲ್ಲಿ ಯಾವ್ದಾದ್ರೂ ಜನರಿಗೆ ತಲುಪೋ ಸುದ್ದಿಗೇ ಕತ್ತರಿ ಬೀಳುತ್ತೆ ಅಂತ 1962ರಲ್ಲಿ ಕೋರ್ಟು ಅದನ್ನ ಹೊಡೆದುಹಾಕ್ತು. 1972ರಲ್ಲಿ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕೋ ಕಾಗದ) ಕೋಟಾ, 10 ಪುಟದ ಮಿತಿ ಇತ್ಯಾದಿಗಳ ಮೇಲೆ ಟೈಮ್ಸ್ ಆಫ್ ಇಂಡಿಯಾ ನಡೆಸೋ ಬೆನೆಟ್ ಕೋಲ್ಮನ್ ಕಂಪನಿಯ ಕೇಸಲ್ಲೂ ಇದೇ ಆಯ್ತು. ಅಂದ್ರೆ ಕತ್ತು ಹಿಸುಕೋಕೆ ಸೆನ್ಸಾರ್ ಅಧಿಕಾರಿನೇ ಬೇಕು ಅಂತೇನಿಲ್ಲ, ಕಾಗದ ಕಂಟ್ರೋಲ್ ಮಾಡಿದ್ರೂ ಸಾಕು ಅಂತ ನಮ್ಮ ಕೋರ್ಟುಗಳಿಗೆ ಆಗ್ಲೇ ಗೊತ್ತಿತ್ತು.

ಹುಬ್ಬಳ್ಳಿಯಿಂದ ಲಾ ಸ್ಟೂಡೆಂಟ್: ಮಿತಿಗಳು ಎಷ್ಟು, ಯಾವ್ಯಾವು? ಸರ್ಕಾರ "ಸಾರ್ವಜನಿಕ ಹಿತಾಸಕ್ತಿ" ಅಂತ ಹೇಳಿ ಪತ್ರಿಕೆನ ತಡೀಬಹುದಾ?

ಪರೀಕ್ಷೆಗೆ ಅಂತಾದ್ರೆ 19(2) ಬಾಯಿಪಾಠ ಮಾಡ್ಕೊಂಡ್ಬಿಡಿ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಹೊರದೇಶಗಳ ಜೊತೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ, ಹಂಗೆ ತಡೆಯೋಕೆ ಆಗಲ್ಲ. ಸಾರ್ವಜನಿಕ ಹಿತಾಸಕ್ತಿ ಅನ್ನೋ ಕಾರಣ ವ್ಯಾಪಾರ ಮಾಡೋ ಹಕ್ಕಿಗೆ ಮಿತಿ ಹಾಕೋ 19(6)ರಲ್ಲಿ ಇದೆ, 19(2)ರಲ್ಲಿ ಇಲ್ಲ, ಸಕಾಳ್ ಕೇಸಲ್ಲಿ ಕೋರ್ಟು ಇದನ್ನ ಒತ್ತಿ ಹೇಳಿದೆ. ಸರ್ಕಾರಕ್ಕೆ ಮುಜುಗರ ಆಗುತ್ತೆ, ಮಂತ್ರಿಗೆ ಬೇಜಾರಾಗುತ್ತೆ, ಇಲಾಖೆ ಹೆಸರು ಕೆಡುತ್ತೆ, ಇದ್ಯಾವ್ದೂ ಆ ಪಟ್ಟಿಯಲ್ಲಿಲ್ಲ.

ಬೆಂಗಳೂರಿಂದ ಸಾಫ್ಟ್‌ವೇರ್ ಉದ್ಯೋಗಿ: ಕೆಲವು ವರ್ಷದ ಹಿಂದೆ ನಮ್ಮ ವಿಧಾನಸಭೆ ಇಬ್ಬರು ಸಂಪಾದಕರಿಗೆ ಜೈಲು ಶಿಕ್ಷೆ ಕೊಟ್ಟಿತ್ತಲ್ವಾ? ಕೋರ್ಟು, ಜಡ್ಜು ಯಾರೂ ಇಲ್ದೆ ಅದು ಹೆಂಗೆ ಸಾಧ್ಯ?

ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ನಮ್ಮ ರಾಜ್ಯದಲ್ಲೇ ನಡೆದಿದ್ದು, ನಾವು ಬೇಗ ಮರ್ತುಬಿಟ್ವಿ. 2017ರ ಜೂನಲ್ಲಿ ಹಾಯ್ ಬೆಂಗಳೂರು ಪತ್ರಿಕೆಯ ರವಿ ಬೆಳಗೆರೆ ಮತ್ತೆ ಯಲಹಂಕ ವಾಯ್ಸ್ ಅನ್ನೋ ಸಣ್ಣ ಪತ್ರಿಕೆಯ ಸಂಪಾದಕರು, ಇಬ್ಬರಿಗೂ ಒಂದೊಂದು ವರ್ಷ ಜೈಲು, ಹತ್ತತ್ತು ಸಾವಿರ ರೂಪಾಯಿ ದಂಡ ಅಂತ ವಿಧಾನಸಭೆಯಲ್ಲಿ ತೀರ್ಮಾನ ಆಯ್ತು, ಆಗ ಸ್ಪೀಕರ್ ಕೆ.ಬಿ. ಕೋಳಿವಾಡ. ಶಾಸಕರ ವಿರುದ್ಧ ಮಾನಹಾನಿಕರವಾಗಿ ಬರೆದ್ರು, ಅದು ಹಕ್ಕುಚ್ಯುತಿ, ಅಂದ್ರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ ಅನ್ನೋದು ಆರೋಪ. ಸಂಪಾದಕರು ಹೈಕೋರ್ಟಿಗೆ ಹೋದ್ರು, ಅಲ್ಲಿಂದ ಮತ್ತೆ ಸದನದ ಮುಂದೆ ಬಂತು, ನವೆಂಬರಲ್ಲಿ ಬೆಳಗಾವಿ ಅಧಿವೇಶನದಲ್ಲಿ ಸದನ ಶಿಕ್ಷೆನ ಮತ್ತೆ ಎತ್ತಿಹಿಡೀತು, ಮತ್ತೆ ಹೈಕೋರ್ಟು.

ಹೆಂಗೆ ಸಾಧ್ಯ ಅಂದ್ರೆ ಸಂವಿಧಾನದ 194(3) ವಿಧಿ ಪ್ರಕಾರ ಶಾಸನಸಭೆಗೆ, ಶಾಸಕರಿಗೆ ಕೆಲವು ವಿಶೇಷ ಹಕ್ಕುಗಳಿವೆ. ಸದನದೊಳಗೆ ಆಡಿದ ಮಾತಿಗೆ ಕೋರ್ಟಲ್ಲಿ ಕೇಸ್ ಹಾಕಂಗಿಲ್ಲ ಅನ್ನೋದನ್ನ ಅದೇ ವಿಧಿಯ ಎರಡನೇ ಉಪವಿಧಿ ಹೇಳುತ್ತೆ, ಅದು ಬೇಕೇ ಬೇಕು, ಇಲ್ದಿದ್ರೆ ವಿರೋಧ ಪಕ್ಷದವ್ರು ಬಾಯಿ ಬಿಡೋ ಹಂಗಿಲ್ಲ. ಆದ್ರೆ ಉಳಿದ ಹಕ್ಕುಗಳು ಏನೇನು, ಎಲ್ಲಿವರೆಗೆ ಅಂತ ಶಾಸನ ಮಾಡಿ ಬರ್ದಿಡಿ ಅಂತ ಸಂವಿಧಾನ ಹೇಳಿದ್ರೂ ಇಷ್ಟು ದಶಕದಲ್ಲಿ ಬರ್ದಿಲ್ಲ. ಬರ್ದಿಟ್ರೆ ಅದು ಕಾನೂನಾಗುತ್ತೆ, ಕಾನೂನಾದ್ರೆ ಮೂಲಭೂತ ಹಕ್ಕಿಗೆ ವಿರುದ್ಧ ಇದೆಯಾ ಅಂತ ಕೋರ್ಟು ನೋಡುತ್ತೆ, ಆ ಪರೀಕ್ಷೆಗೆ ಒಡ್ಡಿಕೊಳ್ಳೋಕೆ ಯಾವ ಪಕ್ಷಕ್ಕೂ ಮನಸ್ಸಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. 1987ರಲ್ಲಿ ತಮಿಳುನಾಡಲ್ಲಿ ಆನಂದ ವಿಕಟನ್ ಪತ್ರಿಕೆ ಮುಖಪುಟದಲ್ಲಿ ಶಾಸಕರ ಮೇಲೆ ಒಂದು ವ್ಯಂಗ್ಯಚಿತ್ರ ಬಂತು, ಸಂಪಾದಕ ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಶಿಕ್ಷೆ ಅಂತ ಸದನ ಹೇಳ್ತು, ಜನ ರೊಚ್ಚಿಗೆದ್ದ ಮೇಲೆ ಬೇಗ ಬಿಟ್ರು. 2003ರಲ್ಲಿ ಅದೇ ಸದನ ದಿ ಹಿಂದೂ ಪತ್ರಿಕೆಯವ್ರಿಗೆ 15 ದಿನ ಜೈಲು ಅಂತು, ಸುಪ್ರೀಂ ಕೋರ್ಟು ಮಧ್ಯ ಬಂದು ಬಂಧನ ತಡೀತು.

2017ರ ಕೇಸಲ್ಲಿ ಆ ಲೇಖನಗಳು ಸರಿಯಾಗಿದ್ವಾ, ಭಾಷೆ ಸಭ್ಯವಾಗಿತ್ತಾ ಅಂತ ಯಾರಾದ್ರೂ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ, ಟ್ಯಾಬ್ಲಾಯ್ಡ್ ಪತ್ರಿಕೆಗಳ ಭಾಷೆ ಎಷ್ಟೋ ಸಲ ನನಗೂ ಓದೋಕೆ ಆಗಲ್ಲ. ಮಾನಹಾನಿ ಆಗಿದ್ರೆ ಶಾಸಕರು ಎಲ್ಲರ ತರ ಕೋರ್ಟಿಗೆ ಹೋಗ್ಬಹುದಿತ್ತು, ಅಲ್ಲಿ ಸಾಕ್ಷಿ, ಪಾಟೀಸವಾಲು, ಅಪೀಲು ಎಲ್ಲಾ ಇರುತ್ತೆ. ಇಲ್ಲಿ ದೂರು ಕೊಟ್ಟವ್ರು ಶಾಸಕರು, ವಿಚಾರಣೆ ಮಾಡಿದ್ದು ಶಾಸಕರೇ ಇರೋ ಹಕ್ಕುಬಾಧ್ಯತಾ ಸಮಿತಿ, ಶಿಕ್ಷೆ ಹೇಳಿದ್ದು ಶಾಸಕರ ಸದನ. ಯಾರ ಮೇಲೆ ಸುದ್ದಿ ಬಂತೋ ಅವರೇ ಗೆರೆ ಎಳೆದು ಅವರೇ ದಾಟಿದೀಯ ಅಂತ ಹೇಳೋದು, ನಾನು ಹೋದ ಸಲ ಬರೆದಿದ್ದರಲ್ಲೂ ನನ್ನ ತಕರಾರು ಇದೊಂದೇ. ಆಮೇಲೆ 2019ರ ಅಕ್ಟೋಬರಲ್ಲಿ, ಆಗ ಬೇರೆ ಪಕ್ಷದ ಸರ್ಕಾರ, ಸದನದೊಳಗೆ ಖಾಸಗಿ ಚಾನೆಲ್ ಕ್ಯಾಮೆರಾಗಳಿಗೆ ಪ್ರವೇಶ ಇಲ್ಲ ಅಂತ ಆದೇಶ ಬಂತು. ಆವಾಗ್ಲೂ ಪಕ್ಷ ಬದಲಾಗಿತ್ತೇ ಹೊರ್ತು ಧೋರಣೆ ಬದಲಾಗಿರ್ಲಿಲ್ಲ.

ಶಿವಮೊಗ್ಗ ಜಿಲ್ಲೆಯಿಂದ ವಾರಪತ್ರಿಕೆ ನಡೆಸೋರು: ನಮ್ಮದು ಸಣ್ಣ ಪತ್ರಿಕೆ. ಸ್ಥಳೀಯ ಸಂಸ್ಥೆಯೊಂದರ ಜಮೀನು ವ್ಯವಹಾರದ ಬಗ್ಗೆ ದಾಖಲೆ ಇಟ್ಕೊಂಡು ಸರಣಿ ಶುರು ಮಾಡಿದ್ವಿ. ಎರಡನೇ ಕಂತು ಪ್ರಿಂಟಿಗೆ ಹೋಗೋ ಮೊದ್ಲೇ ಬೆಂಗಳೂರಿನ ಸಿವಿಲ್ ಕೋರ್ಟಿಂದ ತಡೆಯಾಜ್ಞೆ ಬಂತು. ನಮ್ಮನ್ನ ಯಾರೂ ಕೇಳ್ಲೇ ಇಲ್ಲ. ಮುಂದೇನು?

ನಿಮ್ಮ ಪತ್ರ ಎರಡು ಸಲ ಓದಿದೆ. ಇವತ್ತು ಕರ್ನಾಟಕದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ನಿಜವಾದ ಪೆಟ್ಟು ಬೀಳ್ತಿರೋದು ಇಲ್ಲೇ, ಆದ್ರೆ ಪೊಲೀಸ್ ಜೀಪು ಬರಲ್ಲ, ಲಾಠಿ ಇರಲ್ಲ, ಅದಕ್ಕೇ ಯಾರಿಗೂ ಕಾಣಲ್ಲ.

ಇದು ನಡೆಯೋ ರೀತಿ ಓದುಗರಿಗೂ ಗೊತ್ತಿರ್ಲಿ. ಸುದ್ದಿ ಬರ್ಬಹುದು ಅಂತ ಸುಳಿವು ಸಿಕ್ಕಿದವ್ರು ಸಿವಿಲ್ ಕೋರ್ಟಲ್ಲಿ ಒಂದು ದಾವೆ ಹಾಕ್ತಾರೆ, ಜೊತೆಗೆ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 39, ರೂಲ್ 1 ಮತ್ತು 2ರ ಕೆಳಗೆ ಒಂದು ಮಧ್ಯಂತರ ಅರ್ಜಿ. ಪ್ರತಿವಾದಿಗಳ ಪಟ್ಟಿಯಲ್ಲಿ ರಾಜ್ಯದ ಬಹುತೇಕ ಎಲ್ಲಾ ಚಾನೆಲ್ಲು, ಪೇಪರು, ಫೇಸ್‌ಬುಕ್ಕು, ಗೂಗಲ್ಲು, ಕೊನೆಯಲ್ಲಿ "ಜಾನ್ ಡೋ" ಅಂತ ಹೆಸರಿಲ್ಲದ ಒಬ್ಬ, ಅಂದ್ರೆ ನಾಳೆ ಯಾರು ಬರೆದ್ರೂ ಅವರಿಗೂ ಸೇರಿ. ಎದುರು ಕಡೆಯವ್ರು ಯಾರೂ ಇರಲ್ಲ, ಅರ್ಜಿದಾರರ ಅಫಿಡವಿಟ್ ಒಂದೇ ಜಡ್ಜ್ ಮುಂದೆ ಇರೋದು, ಮುಂದಿನ ತಾರೀಕಿನವರೆಗೆ ಪ್ರಕಟಿಸಬೇಡಿ ಅಂತ ಆದೇಶ ಆಗುತ್ತೆ, ಆ ಮುಂದಿನ ತಾರೀಕು ತಿಂಗಳುಗಟ್ಟಲೆ ಮುಂದೆ ಹೋಗ್ತಾನೇ ಇರುತ್ತೆ. 2019ರ ಲೋಕಸಭಾ ಚುನಾವಣೆ ಟೈಮಲ್ಲಿ ಬೆಂಗಳೂರು ದಕ್ಷಿಣದ ಬಿಜೆಪಿ ಅಭ್ಯರ್ಥಿ ಹಿಂಗೇ 49 ಮಾಧ್ಯಮ ಸಂಸ್ಥೆಗಳ ಮೇಲೆ ಆದೇಶ ತಂದ್ರು, ಹೈಕೋರ್ಟು ಅದನ್ನ ರದ್ದು ಮಾಡ್ತು. 2021ರ ಮಾರ್ಚಲ್ಲಿ ಸಹೋದ್ಯೋಗಿ ಸಚಿವರೊಬ್ಬರು ಸಿಡಿ ವಿಚಾರದಲ್ಲಿ ರಾಜೀನಾಮೆ ಕೊಟ್ಟ ಬೆನ್ನಲ್ಲೇ ಆರು ಜನ ಮಂತ್ರಿಗಳು ಒಟ್ಟಿಗೆ ಸಿವಿಲ್ ಕೋರ್ಟಿಗೆ ಹೋಗಿ 60ಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ತಡೆ ತಂದ್ರು. ಅವರ ಮೇಲೆ ಇನ್ನೂ ಯಾವ ಸುದ್ದಿನೂ ಬಂದಿರ್ಲಿಲ್ಲ ಅನ್ನೋದು ಗಮನಿಸಿ.

ಕಾನೂನು ನಿಮ್ಮ ಕಡೆ ಇದೆ, ಧೈರ್ಯ ಬಿಡ್ಬೇಡಿ. 1994ರ ಆರ್. ರಾಜಗೋಪಾಲ್ ತೀರ್ಪು ಇದೆ, ತಮಿಳಿನ ನಕ್ಕೀರನ್ ಪತ್ರಿಕೆ ಆಟೋ ಶಂಕರ್ ಅನ್ನೋ ಮರಣದಂಡನೆ ಕೈದಿಯ ಆತ್ಮಕಥೆ ಹಾಕೋಕೆ ಹೊರಟಾಗ ಅಧಿಕಾರಿಗಳು ತಡೆಯೋಕೆ ನೋಡಿದ್ರು, ಪ್ರಕಟ ಆಗೋ ಮೊದ್ಲೇ ತಡೆಯೋ ಅಧಿಕಾರ ಅವರಿಗಿಲ್ಲ, ಮಾನಹಾನಿ ಅನ್ಸಿದ್ರೆ ಪ್ರಕಟ ಆದ್ಮೇಲೆ ಕೇಸ್ ಹಾಕ್ಲಿ ಅಂತ ಸುಪ್ರೀಂ ಕೋರ್ಟು ಹೇಳ್ತು. 2024ರ ಮಾರ್ಚಲ್ಲಿ ಬ್ಲೂಮ್‌ಬರ್ಗ್ ವಿರುದ್ಧ ಝೀ ಸಂಸ್ಥೆ ದೆಹಲಿಯಲ್ಲಿ ತಂದಿದ್ದ ಏಕಪಕ್ಷೀಯ ಆದೇಶನ ತೆಗೆದುಹಾಕ್ತಾ ಅದೇ ಸುಪ್ರೀಂ ಕೋರ್ಟು, ವಿಚಾರಣೆ ಶುರುವಾಗೋ ಮೊದ್ಲೇ ಕೊಡೋ ಇಂಥ ತಡೆ ಎಷ್ಟೋ ಸಲ ಆ ಬರಹಕ್ಕೆ ಮರಣದಂಡನೆ ಇದ್ದಂಗೆ ಆಗುತ್ತೆ, ಬರೆದಿದ್ದು ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಅಂತ ಕಾಣದ ಹೊರ್ತು ಕೊಡ್ಬಾರ್ದು ಅಂತ ಹೇಳಿದೆ. ಈ ಎರಡೂ ತೀರ್ಪಿನ ಪ್ರತಿ ನಿಮ್ಮ ಲಾಯರ್ ಕೈಲಿ ಇರ್ಲಿ.

ಈಗ ಮಾಡ್ಬೇಕಾಗಿದ್ದು: ಮೊದ್ಲು ಆದೇಶ ಪಾಲಿಸಿ, ಸಿಟ್ಟಲ್ಲಿ ಎರಡನೇ ಕಂತು ಹಾಕ್ಬೇಡಿ, ಹಾಕಿದ್ರೆ ಕೋರ್ಟು ನಿಮ್ಮ ದಾಖಲೆ ಬಿಟ್ಟು ನಿಮ್ಮ ಉಲ್ಲಂಘನೆನೇ ನೋಡುತ್ತೆ. ವಕಾಲತ್ತು ಹಾಕಿಸಿ ಆರ್ಡರ್ 39 ರೂಲ್ 4ರಲ್ಲಿ ಆದೇಶ ತೆರವು ಮಾಡಿ ಅಂತ ಅರ್ಜಿ ಕೊಡಿ. ನೋಟಿಸ್ ಕೊಡ್ದೆ ಆದೇಶ ಮಾಡೋದಾದ್ರೆ ಯಾಕೆ ಅಂತ ಕಾರಣ ಬರೀಬೇಕು ಅಂತ ರೂಲ್ 3 ಹೇಳುತ್ತೆ, ಆ ಅರ್ಜಿನ 30 ದಿನದೊಳಗೆ ಇತ್ಯರ್ಥ ಮಾಡೋಕೆ ನೋಡ್ಬೇಕು ಅಂತ ರೂಲ್ 3ಎ ಹೇಳುತ್ತೆ, ನಿಮ್ಮ ಆದೇಶದಲ್ಲಿ ಕಾರಣ ಇದೆಯಾ ಅಂತ ನೋಡಿ, ಎಷ್ಟೋ ಆದೇಶದಲ್ಲಿ ಎರಡು ಸಾಲು ಬಿಟ್ರೆ ಏನೂ ಇರಲ್ಲ. ಮತ್ತೆ ಸಣ್ಣ ಪತ್ರಿಕೆ ನಡೆಸೋ ಎಲ್ಲರಿಗೂ ಒಂದು ಮಾತು, ಯಾರಾದ್ರೂ ಕೋರ್ಟಿಗೆ ಹೋಗ್ತಾರೆ ಅನ್ನೋ ಅನುಮಾನ ಇದ್ರೆ ಸರಣಿ ಶುರು ಮಾಡೋ ಮೊದ್ಲೇ ಅದೇ ಕೋಡಿನ ಸೆಕ್ಷನ್ 148ಎ ಪ್ರಕಾರ ಕೇವಿಯಟ್, ಅಂದ್ರೆ ನಮ್ಮನ್ನ ಕೇಳ್ದೆ ಆದೇಶ ಮಾಡ್ಬೇಡಿ ಅನ್ನೋ ಅರ್ಜಿ ಹಾಕಿಡಿ. 90 ದಿನ ನಡೆಯುತ್ತೆ, ಖರ್ಚೂ ಜಾಸ್ತಿ ಇಲ್ಲ, ನಿಮ್ಗೆ ಹೇಳ್ದೆ ನಿಮ್ಮ ಮೇಲೆ ಆದೇಶ ಮಾಡೋದು ಕಷ್ಟ ಆಗುತ್ತೆ. ಅವರು ಯಾವ ಕೋರ್ಟಿಗೆ ಹೋಗ್ಬಹುದು ಅಂತ ಅಂದಾಜು ಮಾಡಿ ಹಾಕ್ಬೇಕು ಅನ್ನೋದೇ ಇದರಲ್ಲಿರೋ ತೊಡಕು, ನಿಮ್ಮ ಕೇಸಲ್ಲಿ ಶಿವಮೊಗ್ಗದ ವಿಷ್ಯಕ್ಕೆ ಬೆಂಗಳೂರಲ್ಲಿ ಹಾಕಿದ್ದು ಅದಕ್ಕೇ ಇರ್ಬಹುದು, ಆ ಕೋರ್ಟಿಗೆ ವ್ಯಾಪ್ತಿ ಇದೆಯಾ ಅನ್ನೋ ತಕರಾರನ್ನೂ ಎತ್ತಿ.

ಮೈಸೂರಿಂದ ಗೃಹಿಣಿ: ನೀವು ಬರೀ ಪತ್ರಕರ್ತರ ಪರ ಮಾತಾಡ್ತೀರಿ. ನಮ್ಮ ಬೀದಿಯಲ್ಲಿ ಒಂದು ಹುಡುಗಿ ತೀರ್ಕೊಂಡಾಗ ಟಿವಿಯವ್ರು ಗೇಟ್ ಹತ್ತಿ ಒಳಗೆ ಬಂದು ಆ ತಾಯಿ ಬಾಯಿಗೆ ಮೈಕ್ ಹಿಡಿದ್ರು. ಅವರಿಗೆ ಲಂಗುಲಗಾಮು ಬೇಡ್ವಾ?

ಬೇಕು ಮೇಡಂ. ಅಲ್ಲಿ ನಡೆದಿದ್ದು ಪತ್ರಿಕೋದ್ಯಮ ಅಲ್ಲ. ಮಗಳು ಹೋಗಿ ಗಂಟೆನೂ ಆಗಿರಲ್ಲ, "ನಿಮ್ಗೆ ಏನ್ ಅನ್ನಿಸ್ತಿದೆ ಅಮ್ಮಾ" ಅಂತ ಕೇಳೋದ್ರಿಂದ ಈ ರಾಜ್ಯದ ಯಾವ ನಾಗರಿಕನ ಜ್ಞಾನ ಹೆಚ್ಚುತ್ತೆ? ಆ ತಾಯಿ ಅಧಿಕಾರದಲ್ಲಿಲ್ಲ, ಜನರ ದುಡ್ಡು ಖರ್ಚು ಮಾಡಿಲ್ಲ, ಯಾರಿಗೂ ಉತ್ತರ ಕೊಡೋ ಜವಾಬ್ದಾರಿ ಆಕೆಗಿಲ್ಲ. ಮಂತ್ರಿಯನ್ನ ಕಾರಿಡಾರಲ್ಲಿ ಅಡ್ಡಗಟ್ಟಿ ಕೇಳೋ ಪ್ರಶ್ನೆಗೂ ಇದಕ್ಕೂ ಇರೋ ವ್ಯತ್ಯಾಸ ಗೊತ್ತಿಲ್ಲದವ್ರ ಕೈಗೆ ಮೈಕ್ ಕೊಡ್ಬಾರ್ದು.

ಮಿತಿ ಇರ್ಲೇಬೇಕಾದ ಜಾಗಗಳಿವೆ, ಕಾನೂನೂ ಇದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಸಿಗೋ ಹಂಗೆ ಏನೂ ಹಾಕಂಗಿಲ್ಲ, ಹೆಸರು ಬಿಟ್ಟು ಊರು, ಶಾಲೆ, ಮನೆ ತೋರ್ಸಿದ್ರೂ ಅದು ಅಪರಾಧ, 2018ರಲ್ಲಿ ಸುಪ್ರೀಂ ಕೋರ್ಟು ಇದನ್ನ ಬಿಡಿಸಿ ಹೇಳಿದೆ. ಮಕ್ಕಳ ವಿಷ್ಯದಲ್ಲಿ ಪೋಕ್ಸೋ ಕಾಯ್ದೆಯ ಸೆಕ್ಷನ್ 23 ಇದೆ. ಆತ್ಮಹತ್ಯೆ ಸುದ್ದಿ ಹೆಂಗೆ ಬರೀಬೇಕು, ವಿಧಾನ ವಿವರಿಸ್ಬಾರ್ದು, ದೊಡ್ಡ ಹೆಡ್‌ಲೈನ್ ಹಾಕ್ಬಾರ್ದು ಅಂತ ಪ್ರೆಸ್ ಕೌನ್ಸಿಲ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಇನ್ನೊಂದು ಉದಾಹರಣೆ ನಾವ್ಯಾರೂ ಮರೀಬಾರ್ದು, 2008ರ ನವೆಂಬರ್ 26ರ ಮುಂಬೈ ದಾಳಿ. ಕಮಾಂಡೋಗಳು ಎಲ್ಲಿದಾರೆ, ಏನ್ ಮಾಡ್ತಿದಾರೆ ಅಂತ ಚಾನೆಲ್‌ಗಳು ಲೈವ್ ತೋರಿಸ್ತಾ ಕೂತಿದ್ವು, ಗಡಿಯಾಚೆ ಕೂತು ಫೋನಲ್ಲಿ ಸೂಚನೆ ಕೊಡ್ತಿದ್ದವ್ರಿಗೆ ಟಿವಿನೇ ಕಣ್ಣಾಯ್ತು. 2012ರ ಕಸಬ್ ತೀರ್ಪಲ್ಲಿ ಸುಪ್ರೀಂ ಕೋರ್ಟು ಇದನ್ನ ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಸಮರ್ಥಿಸೋಕೆ ಆಗಲ್ಲ ಅಂತ ಕಟುವಾಗಿ ಹೇಳ್ತು, 2015ರಲ್ಲಿ ಕೇಬಲ್ ಟಿವಿ ನಿಯಮ ತಿದ್ದುಪಡಿ ಮಾಡಿ ಕಾರ್ಯಾಚರಣೆ ಮುಗಿಯೋವರೆಗೆ ಲೈವ್ ಬೇಡ, ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡೋ ಮಾಹಿತಿ ಹಾಕಿ ಅಂತ ಮಾಡಿದ್ರು. ಈ ಮಿತಿನ ನಾನು ಪೂರ್ತಿ ಒಪ್ತೀನಿ. ಏನು ಬೇಡ, ಎಷ್ಟು ಹೊತ್ತು ಬೇಡ, ಯಾಕೆ ಬೇಡ ಅಂತ ಸ್ಪಷ್ಟವಾಗಿದೆ, ಕಾರ್ಯಾಚರಣೆ ಮುಗಿದ್ಮೇಲೆ ಸರ್ಕಾರ ಎಲ್ಲಿ ಎಡವಿತು ಅಂತ ಬರೆಯೋಕೆ ಅಡ್ಡಿ ಇಲ್ಲ.

ಆದ್ರೆ "ಭದ್ರತೆ" ಅನ್ನೋ ಒಂದೇ ಪದ ಹೇಳಿ ಬಾಗಿಲು ಹಾಕ್ಸೋದು ಬೇರೆ. ಕೇರಳದ ಮೀಡಿಯಾ ಒನ್ ಚಾನೆಲ್‌ಗೆ ಲೈಸೆನ್ಸ್ ನವೀಕರಣ ಕೊಡ್ಲಿಲ್ಲ, ಕಾರಣ ಏನು ಅಂದ್ರೆ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ರು, ಚಾನೆಲ್‌ನವ್ರಿಗೆ ತೋರಿಸ್ಲಿಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಲಿಲ್ಲ, ಸರ್ಕಾರನ ಟೀಕೆ ಮಾಡೋದು ದೇಶದ ಭದ್ರತೆಗೆ ಧಕ್ಕೆ ಆಗಲ್ಲ ಅಂತು. ನಿಮ್ಮ ಸಿಟ್ಟನ್ನ ಬಳಸ್ಕೊಂಡು "ಮಾಧ್ಯಮಕ್ಕೆ ಲಗಾಮು ಹಾಕ್ತೀವಿ" ಅಂತ ಬರೋರು ಆ ತಾಯಿ ಮನೆ ಗೇಟ್ ಕಾಯೋಕೆ ಬರ್ತಿಲ್ಲ ಮೇಡಂ, ತಮ್ಮ ಮನೆ ಗೇಟ್ ಮುಚ್ಚೋಕೆ ಬರ್ತಿದಾರೆ.

ಕಲಬುರಗಿಯಿಂದ ಪಿಯುಸಿ ವಿದ್ಯಾರ್ಥಿ: ಫೇಕ್ ನ್ಯೂಸ್ ಹರಡೋರಿಗೆ ಜೈಲು ಅಂತ ಕಾನೂನು ಬಂದ್ರೆ ಒಳ್ಳೇದೇ ಅಲ್ವಾ ಸರ್?

ನೋಡಪ್ಪಾ, ಸುಳ್ಳು ಸುದ್ದಿಯಿಂದ ಜೀವ ಹೋಗಿದೆ, ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಬಂದಿದ್ದನ್ನ ನಂಬಿ 2018ರಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಹೈದರಾಬಾದಿಂದ ಬಂದಿದ್ದ ಯುವಕನನ್ನ ಗುಂಪು ಹೊಡೆದು ಕೊಂದಿತ್ತು. ಹಾಗಾಗಿ ನಿನ್ನ ಕಾಳಜಿ ಸರಿ. ಆದ್ರೆ ಗುಂಪು ಸೇರಿ ಕೊಲ್ಲೋದು, ದ್ವೇಷ ಹಬ್ಬಿಸೋದು ಈಗ್ಲೂ ಅಪರಾಧವೇ. ಹೊಸ ಕಾನೂನು ಬಂದ್ರೆ ಮೊದ್ಲು ಕೇಳ್ಬೇಕಾಗಿದ್ದು ಯಾವ್ದು ಫೇಕ್ ಅಂತ ಹೇಳೋರು ಯಾರು ಅಂತ. ಕೇಂದ್ರ ಸರ್ಕಾರ 2023ರಲ್ಲಿ ತನ್ನ ಬಗ್ಗೆ ಬಂದ ಸುದ್ದಿ ಸುಳ್ಳಾ ನಿಜಾನಾ ಅಂತ ತನ್ನದೇ ಫ್ಯಾಕ್ಟ್ ಚೆಕ್ ಘಟಕ ತೀರ್ಮಾನ ಮಾಡ್ಲಿ ಅಂತ ಐಟಿ ನಿಯಮ ತಂತು, 2024ರ ಸೆಪ್ಟೆಂಬರಲ್ಲಿ ಬಾಂಬೆ ಹೈಕೋರ್ಟು ಅದನ್ನ ಅಸಾಂವಿಧಾನಿಕ ಅಂತ ರದ್ದು ಮಾಡ್ತು. ನಮ್ಮ ರಾಜ್ಯದಲ್ಲೂ 2025ರ ಜೂನಲ್ಲಿ ಒಂದು ಕರಡು ಹೊರಗೆ ಬಂತು, 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ. ಅದರ ಪ್ರಾಧಿಕಾರದಲ್ಲಿ ಮಂತ್ರಿಗಳೇ ಕೂರೋ ಪ್ರಸ್ತಾಪ ಇತ್ತು.

ಇದಕ್ಕೆ ನಮ್ಮಲ್ಲೇ ಹಳೇ ಉದಾಹರಣೆ ಇದೆ. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕಾ ಕಾಯ್ದೆ ಬಂತು, ಪತ್ರಿಕೆ ನಡೆಸೋಕೆ ಸರ್ಕಾರದ ಅನುಮತಿ ಬೇಕು. ತಾತಯ್ಯ ಅಂತ ಜನ ಪ್ರೀತಿಯಿಂದ ಕರೀತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ಪತ್ರಿಕೆಗಳನ್ನೇ ನಿಲ್ಲಿಸಿದ್ರು. ಮೈಸೂರಿಗೆ ಹೋದಾಗ ಅವರ ಪ್ರತಿಮೆ ನೋಡ್ಕೊಂಡು ಬಾ.

ಮಂಗಳೂರಿಂದ ನಿವೃತ್ತ ಬ್ಯಾಂಕ್ ನೌಕರ: ಎಮರ್ಜೆನ್ಸಿ ನೋಡಿದವನು ನಾನು. ಈಗ ಸೆನ್ಸಾರ್ ಇಲ್ವಲ್ಲ, ಆದ್ರೂ ಯಾಕಿಷ್ಟು ಕೂಗಾಟ?

1975ರ ಜೂನಲ್ಲಿ ಪತ್ರಿಕೆಗಳು ಪ್ರಿಂಟ್ ಆಗ್ಬಾರ್ದು ಅಂತ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿ ಕರೆಂಟ್ ತೆಗೆದಿದ್ದು, ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟಿದ್ದು ನಿಮ್ಗೆ ನೆನಪಿರುತ್ತೆ. ಆ ಖಾಲಿ ಜಾಗ ನೋಡಿ ಓದುಗರಿಗೆ ಇಲ್ಲಿ ಏನೋ ತಡೆದಿದಾರೆ ಅಂತ ಗೊತ್ತಾಗ್ತಿತ್ತು ಸರ್. ಈಗ ಸರ್ಕಾರಿ ಜಾಹೀರಾತು ನಿಂತುಬಿಡುತ್ತೆ ಅನ್ನೋ ಭಯಕ್ಕೆ ಬರೀದೆ ಬಿಟ್ಟ ಸುದ್ದಿಗೆ ಖಾಲಿ ಜಾಗನೂ ಇರಲ್ಲ, ಅಲ್ಲಿ ಇನ್ಯಾವ್ದೋ ಫೋಟೋ ಇರುತ್ತೆ. ಜಿಲ್ಲಾ ಪತ್ರಿಕೆಗಳಿಗೆ ತಿಂಗಳ ಸಂಬಳ ಹುಟ್ಟೋದೇ ಆ ಜಾಹೀರಾತಿಂದ. ಎಲ್ಲರಿಗೂ ಒಂದೇ ನಿಯಮದಲ್ಲಿ, ಪ್ರಸಾರ ಸಂಖ್ಯೆ ನೋಡಿ ಕೊಡ್ಬೇಕು, ಯಾರಿಗೆ ಎಷ್ಟು ಕೊಟ್ರು ಅಂತ ಪ್ರತಿ ವರ್ಷ ವೆಬ್‌ಸೈಟಲ್ಲಿ ಹಾಕ್ಬೇಕು ಅನ್ನೋದು ನನ್ನ ಬೇಡಿಕೆ.

ಹಾಸನದಿಂದ ಅಂಗಡಿ ಮಾಲೀಕ: ನಮ್ಮ ಅಂಗಡಿಯಲ್ಲಿ ಕಲಬೆರಕೆ ಎಣ್ಣೆ ಸಿಕ್ಕಿತು ಅಂತ ಒಂದು ಪತ್ರಿಕೆ ಹಾಕಿದೆ. ಪೂರ್ತಿ ಸುಳ್ಳು. ನಮ್ಮಂಥವ್ರಿಗೆ ದಾರಿ ಏನು?

ದಾರಿ ಇದೆ. ಮೊದ್ಲು ಸಂಪಾದಕರಿಗೆ ಪತ್ರ ಬರೀರಿ, ಸ್ಪೀಡ್ ಪೋಸ್ಟಲ್ಲಿ. ಸುದ್ದಿಯಲ್ಲಿ ಯಾವ ಸಾಲು ತಪ್ಪು, ಯಾಕೆ ತಪ್ಪು ಅಂತ ಹೇಳಿ, ಲ್ಯಾಬ್ ರಿಪೋರ್ಟ್ ಇದ್ರೆ ಲಗತ್ತಿಸಿ, ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ ಅಂತ ಕೇಳಿ. ಒಳ್ಳೆ ಪತ್ರಿಕೆ ಆದ್ರೆ ಇಲ್ಲಿಗೇ ಮುಗಿಯುತ್ತೆ. ಹಾಕ್ಲಿಲ್ಲ ಅಂದ್ರೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾಗೆ ದೂರು ಕೊಡಿ, ದಿನಪತ್ರಿಕೆ ವಾರಪತ್ರಿಕೆ ಆದ್ರೆ ಪ್ರಕಟ ಆದ 2 ತಿಂಗಳೊಳಗೆ, ಬೇರೆಯವು ಆದ್ರೆ 4 ತಿಂಗಳೊಳಗೆ. ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಕೌನ್ಸಿಲ್‌ಗೆ ದಂಡ ಹಾಕೋ, ಜೈಲಿಗೆ ಕಳಿಸೋ ಅಧಿಕಾರ ಇಲ್ಲ, ಎಚ್ಚರಿಕೆ ಕೊಡ್ಬಹುದು, ಛೀಮಾರಿ ಹಾಕ್ಬಹುದು, ತನ್ನ ತೀರ್ಮಾನನ ಪತ್ರಿಕೆಯಲ್ಲಿ ಪ್ರಕಟಿಸೋಕೆ ಹೇಳ್ಬಹುದು. ಟಿವಿ ಅದರ ವ್ಯಾಪ್ತಿಗೆ ಬರಲ್ಲ, ಅದಕ್ಕೆ ಮೊದ್ಲು ಚಾನೆಲ್‌ಗೇ ದೂರು ಕೊಡ್ಬೇಕು.

ವ್ಯಾಪಾರಕ್ಕೆ ನಷ್ಟ ಆಗಿದ್ರೆ ಸಿವಿಲ್ ಕೋರ್ಟಲ್ಲಿ ಪರಿಹಾರ ಕೇಳಿ, ಪ್ರಕಟ ಆದ ಒಂದು ವರ್ಷದೊಳಗೆ ದಾವೆ ಹಾಕ್ಬೇಕು. ಕ್ರಿಮಿನಲ್ ಮಾನಹಾನಿನೂ ಇದೆ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356, 2 ವರ್ಷದವರೆಗೆ ಶಿಕ್ಷೆ. ಸುಪ್ರೀಂ ಕೋರ್ಟು 2016ರಲ್ಲಿ ಅದನ್ನ ಎತ್ತಿಹಿಡಿದಿದ್ರೂ ನನಗೆ ಅದು ಒಪ್ಪಿಗೆ ಇಲ್ಲ, ಅದರಲ್ಲಿ ಬರೆದಿದ್ದು ನಿಜ ಅಂತ ಸಾಬೀತು ಮಾಡಿದ್ರೂ ಸಾಲಲ್ಲ, ಸಾರ್ವಜನಿಕರ ಒಳಿತಿಗಾಗಿ ಬರೆದಿದ್ದು ಅಂತನೂ ತೋರಿಸ್ಬೇಕು. ಗೌರಿ ಲಂಕೇಶ್ ಅವರಿಗೆ 2016ರ ನವೆಂಬರಲ್ಲಿ ಹುಬ್ಬಳ್ಳಿ ಕೋರ್ಟು ಆರು ತಿಂಗಳ ಶಿಕ್ಷೆ ಕೊಟ್ಟಿದ್ದು 2008ರ ಒಂದು ವರದಿಗೆ, ಎಂಟು ವರ್ಷ ಅವರು ಆ ಕೇಸಿಗೆ ಓಡಾಡಿದ್ರು. ನಿಮ್ಗೆ ಬೇಕಾಗಿರೋದು ಒಬ್ಬ ವರದಿಗಾರ ಜೈಲಿಗೆ ಹೋಗೋದಲ್ಲ, ಗಿರಾಕಿಗಳು ವಾಪಸ್ ಬರೋದು, ಅದಕ್ಕೆ ಮುಖಪುಟದ ತಿದ್ದುಪಡಿನೇ ಹೆಚ್ಚು ಉಪಯೋಗ.

ಒಂದು ವಿಷ್ಯ ಈಗ್ಲೇ ಮಾಡಿ. ಆ ದಿನದ ಪತ್ರಿಕೆಯ ಪೂರ್ತಿ ಪ್ರತಿ ಎರಡು ಎತ್ತಿಡಿ, ಬರೀ ಕಟಿಂಗ್ ಇಟ್ಕೊಂಡ್ರೆ ದಿನಾಂಕ, ಆವೃತ್ತಿ, ಮುದ್ರಕರು ಪ್ರಕಾಶಕರ ಹೆಸರು ಯಾವ್ದೂ ಸಿಗಲ್ಲ. ವೆಬ್‌ಸೈಟಲ್ಲೂ ಹಾಕಿದ್ರೆ ಲಿಂಕ್ ಸಮೇತ ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಅಳಿಸಿಬಿಡ್ತಾರೆ.